ಹಾಡಿನ ಡಬ್ಬಿ ಕೆಟ್ಟಿಲ್ಲ, ಒಳಗಿನ ಬ್ಯಾಟರಿ ಸೋತಿದೆ

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಚಿಕ್ಕ ಕಾಫಿ ತೋಟ. ಅಮ್ಮನಿಗೆ ಅಂತ ಮೂರು ವರ್ಷದ ಹಿಂದೆ ಹಳೆಯ ಹಾಡುಗಳು ತುಂಬಿದ, ರೇಡಿಯೊ ಥರದ ಪ್ಲೇಯರ್ ತಂದಿದ್ದೆ. ಮೊದಲು ಐದು ಗಂಟೆ ಹಾಡುತ್ತಿತ್ತು. ಈಗ ಅರ್ಧ ಗಂಟೆಗೆ ನಿಲ್ಲುತ್ತದೆ, ಸೌಂಡ್ ಜಾಸ್ತಿ ಕೊಟ್ಟರೆ ಅದಕ್ಕೂ ಮೊದಲೇ ಆಫ್. ಅಮ್ಮ ಅಡುಗೆಮನೆಯಲ್ಲಿ ಫ್ರಿಜ್ ಮೇಲೆ ಇಟ್ಟು, ಚಾರ್ಜರ್‌ಗೆ ಹಾಕಿಕೊಂಡೇ ಕೇಳುತ್ತಾರೆ. ಅಂಗಡಿಯವರು ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಅಂದರು. ಇನ್ನೊಂದು, ನಾನು ಕಾಲೇಜಿನಲ್ಲಿ ಇಟ್ಟುಕೊಂಡಿದ್ದ ಚಪ್ಪಟೆ ಎಂಪಿ3 ಪ್ಲೇಯರ್ ಮೊನ್ನೆ ಬೀರುವಿನಲ್ಲಿ ಸಿಕ್ಕಿತು. ಆನ್ ಆಗುತ್ತಿಲ್ಲ, ಹಿಂದಿನ ಮುಚ್ಚಳ ಸ್ವಲ್ಪ ಎದ್ದಿದೆ. ಎರಡನ್ನೂ ಉಳಿಸಬಹುದಾ? ರಾತ್ರಿಯಿಡೀ ಚಾರ್ಜ್‌ಗೆ ಹಾಕಿದ್ದೇ ತಪ್ಪಾ? ಬ್ಯಾಟರಿ ತೆಗೆದರೆ ಒಳಗಿನ ಹಾಡುಗಳು ಹೋಗುತ್ತವಾ?

ಉತ್ತರ: ಮೊದಲು ಆ ಚಪ್ಪಟೆ ಪ್ಲೇಯರ್ ವಿಷಯ, ಯಾಕಂದ್ರೆ ಅದನ್ನು ನಾಳೆಗೆ ಬಿಡುವ ಹಾಗಿಲ್ಲ. ಮುಚ್ಚಳ ಎದ್ದಿದೆ ಅಂದರೆ ಒಳಗಿನ ಬ್ಯಾಟರಿ ಉಬ್ಬಿದೆ. ಅದನ್ನು ಮತ್ತೆ ಚಾರ್ಜ್‌ಗೆ ಹಾಕಬೇಡಿ. ಒಂದು ಸಲ ನೋಡೋಣ ಅಂತಲೂ ಬೇಡ. ಮುಚ್ಚಳವನ್ನು ಒತ್ತಿ ಕೂರಿಸಲು ಹೋಗಬೇಡಿ, ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಬೇಡಿ, ಗಾಳಿ ಹೋಗಲಿ ಅಂತ ಪಿನ್ ಚುಚ್ಚುವುದಂತೂ ಬೇಡವೇ ಬೇಡ. ಹಾಗೆ ಚುಚ್ಚಿದವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಒಳಗಿರುವುದು ಬರೀ ಗಾಳಿಯಲ್ಲ. ಲಿಥಿಯಂ ಬ್ಯಾಟರಿಯೊಳಗಿನ ದ್ರಾವಣ ಹಳತಾಗಿ ಒಡೆದು ಗ್ಯಾಸ್ ಆಗುತ್ತದೆ, ಆ ಗ್ಯಾಸಿಗೆ ಬೆಂಕಿ ಹತ್ತುತ್ತದೆ. ಚುಚ್ಚಿದರೆ ಒಳಗಿನ ಎರಡು ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ. ಆಮೇಲೆ ಏನಾಗುತ್ತದೆ ಅಂತ ನೋಡಲು ಅಲ್ಲಿ ನಿಲ್ಲುವಷ್ಟು ಹೊತ್ತು ಇರುವುದಿಲ್ಲ.

ಸದ್ಯಕ್ಕೆ ಅದನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಬಟ್ಟೆ, ಸೌದೆ, ಕಾಫಿ ಮೂಟೆ ಯಾವುದೂ ಹತ್ತಿರ ಇಲ್ಲದ ಕಡೆ, ಸಿಮೆಂಟ್ ನೆಲದ ಮೇಲೆ, ಮರಳು ಹಾಕಿದ ಹಳೆಯ ತಗಡಿನ ಡಬ್ಬಿಯಲ್ಲಿ ಇಡಿ. ಮುಚ್ಚಳ ಬಿಗಿ ಮಾಡಬೇಡಿ. ಮಳೆ ಬೀಳದ ಜಾಗವಾದರೆ ಸಾಕು. ಆಮೇಲೆ ಅಭ್ಯಾಸ ಇರುವವರ ಕೈಯಲ್ಲಿ ಬಿಚ್ಚಿಸಿ. ಚಪ್ಪಟೆ ಪ್ಲೇಯರ್‌ಗಳಲ್ಲಿ ಬ್ಯಾಟರಿಯನ್ನು ಡಬಲ್ ಟೇಪ್ ಹಾಕಿ ಅಂಟಿಸಿರುತ್ತಾರೆ. ಗೊತ್ತಿಲ್ಲದವರು ಸ್ಕ್ರೂಡ್ರೈವರ್ ತೂರಿಸಿ ಎಬ್ಬುತ್ತಾರೆ, ಅಲ್ಲೇ ತೂತು ಬೀಳುತ್ತದೆ. ಪ್ಲಾಸ್ಟಿಕ್ ಪಟ್ಟಿ ಹಾಕಿ, ಸ್ವಲ್ಪ ಸ್ವಲ್ಪವೇ ಎಬ್ಬಬೇಕು. ಬ್ಯಾಟರಿ ಹೊರಗೆ ಬಂದರೆ ಪ್ಲೇಯರ್ ಬದುಕುವ ಸಾಧ್ಯತೆ ಚೆನ್ನಾಗಿಯೇ ಇದೆ. ಉಬ್ಬಿದ ಬ್ಯಾಟರಿ ಸ್ಕ್ರೀನನ್ನು ಹಿಂದಿನಿಂದ ತಳ್ಳಿ ಒಡೆದಿದ್ದರೆ ಮಾತ್ರ ಕಷ್ಟ.

ಈಗ ಅಮ್ಮನ ಪ್ಲೇಯರ್.

ನೀವು ಬರೆದ ಲಕ್ಷಣಗಳಲ್ಲಿ ಒಂದು ಮಾತು ನನಗೆ ಸಾಕಾಯಿತು: ಸೌಂಡ್ ಜಾಸ್ತಿ ಕೊಟ್ಟರೆ ಬೇಗ ಆಫ್ ಆಗುತ್ತದೆ ಅಂದಿರಲ್ಲ, ಅದು. ಬೋರ್ಡ್ ಹೋಗಿದ್ದರೆ ಸಾಮಾನ್ಯವಾಗಿ ಹಾಡು ಬರುವುದೇ ಇಲ್ಲ, ಇಲ್ಲವೇ ಗೊರಗೊರ ಅನ್ನುತ್ತದೆ, ಬಟನ್ ಕೆಲಸ ಮಾಡುವುದಿಲ್ಲ. ಸಣ್ಣ ಸೌಂಡಿಗೆ ಹಾಡಿ, ದೊಡ್ಡ ಸೌಂಡಿಗೆ ನಿಲ್ಲುವುದು ಸೋತ ಬ್ಯಾಟರಿಯ ಗುಣ. ಲಿಥಿಯಂ ಬ್ಯಾಟರಿ ಹಳತಾದಂತೆ ಅದರಲ್ಲಿ ಹಿಡಿಯುವ ಚಾರ್ಜ್ ಕಡಿಮೆಯಾಗುವುದು ಒಂದು ಕಡೆ, ಅದರ ಒಳಗಿನ ತಡೆ ಹೆಚ್ಚಾಗುವುದು ಇನ್ನೊಂದು ಕಡೆ. ತೊಟ್ಟಿಯಲ್ಲಿ ನೀರಿದ್ದೂ ಪೈಪಿನಲ್ಲಿ ಪಾಚಿ ಕಟ್ಟಿಕೊಂಡ ಹಾಗೆ. ಸಣ್ಣಗೆ ಬಿಟ್ಟರೆ ಬರುತ್ತದೆ, ಜೋರಾಗಿ ಬಿಟ್ಟರೆ ಬರುವುದಿಲ್ಲ. ಹಾಡಿನಲ್ಲಿ ಡೋಲಿನ ಪೆಟ್ಟು ಬಿದ್ದಾಗ ಸ್ಪೀಕರ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ಆ ಕ್ಷಣ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಬೋರ್ಡು ಬ್ಯಾಟರಿ ಖಾಲಿ ಅಂದುಕೊಂಡು ಆಫ್ ಆಗುತ್ತದೆ. ಎರಡು ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಹಾಡುತ್ತದೆ, ಅಲ್ವಾ? ನೀವು ಬರೆದಿಲ್ಲ, ಆದರೆ ಪರೀಕ್ಷೆ ಮಾಡಿ ನೋಡಿ.

ಖಾತ್ರಿ ಬೇಕಿದ್ದರೆ ಇನ್ನೊಂದು ವಿಷಯ ಗಮನಿಸಿ. ಪ್ಲೇಯರ್ ಆಫ್ ಮಾಡಿ ಚಾರ್ಜ್‌ಗೆ ಹಾಕಿ. ಮೊದಲು ಎರಡು ಮೂರು ಗಂಟೆ ತಗೊಳ್ಳುತ್ತಿದ್ದುದು ಈಗ ಅರ್ಧ ಗಂಟೆಯೊಳಗೇ ಫುಲ್ ಅಂತ ಲೈಟ್ ತೋರಿಸಿದರೆ ಬ್ಯಾಟರಿಯಲ್ಲಿ ಜಾಗವೇ ಉಳಿದಿಲ್ಲ ಅಂತ ಅರ್ಥ. ಚಾರ್ಜರ್ ಹಾಕಿದ್ದಾಗ ಎಷ್ಟು ಹೊತ್ತಾದರೂ ಚೆನ್ನಾಗಿ ಹಾಡಿ, ಕಿತ್ತ ಕೂಡಲೇ ಸೋತರೆ ಬೋರ್ಡು ಸರಿ ಇದೆ. ಚಾರ್ಜರ್ ಹಾಕಿದರೂ ಲೈಟೇ ಬರದಿದ್ದರೆ ಮೊದಲು ಕೇಬಲ್ ಬದಲಾಯಿಸಿ, ಆಮೇಲೆ ಚಾರ್ಜಿಂಗ್ ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ಆ ಪಿನ್ನುಗಳು ಹಸಿರುಗಟ್ಟುವುದು ತುಂಬಾ ಸಾಮಾನ್ಯ. ಅದನ್ನೇ ಬ್ಯಾಟರಿ ಹೋಗಿದೆ ಅಂತ ತಿಳಿದು ಬ್ಯಾಟರಿ ಹಾಕಿಸಿಕೊಂಡು, ಮತ್ತೆ ಅದೇ ಗೋಳು ಅಂತ ಬರುವವರಿದ್ದಾರೆ.

ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ಲಿಥಿಯಂ ಅಯಾನ್ ಸೆಲ್ ಒಂದಕ್ಕೆ ಹೆಸರಿಗೆ 3.7 ವೋಲ್ಟ್. ಫುಲ್ ಆದಾಗ 4.2, ಖಾಲಿ ಅಂದರೆ ಸುಮಾರು 3. ಫುಲ್ ಚಾರ್ಜ್ ಮಾಡಿ, ಜೋರಾಗಿ ಹಾಡು ಹಾಕಿ, ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. ಒಳ್ಳೆಯ ಸೆಲ್ ನಿಧಾನಕ್ಕೆ ಇಳಿಯುತ್ತದೆ. ಸೋತದ್ದು ಪ್ರತಿ ಪೆಟ್ಟಿಗೂ 3.4, 3.3 ಅಂತ ಕುಣಿಯುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ಅಂಗಡಿಯವರು ಏನೇ ಹೇಳಲಿ, ನಿಮಗೆ ಅನುಮಾನ ಉಳಿಯುವುದಿಲ್ಲ.

ಅಂಗಡಿಯವರು ಹೊಸದು ತಗೊಳ್ಳಿ ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಅದು ಇವತ್ತಿನ ಮಾತಲ್ಲ. 2001ರ ಅಕ್ಟೋಬರ್‌ನಲ್ಲಿ ಆ್ಯಪಲ್ ಕಂಪನಿಯ ಐಪಾಡ್ ಬಂತು. ಬ್ಯಾಟರಿ ಒಳಗೇ ಮುಚ್ಚಿಹೋಗಿತ್ತು, ಕೊಂಡವರು ಬಿಚ್ಚಿ ಬದಲಾಯಿಸುವ ಹಾಗಿರಲಿಲ್ಲ. ಒಂದೂವರೆ ಎರಡು ವರ್ಷಕ್ಕೆ ಬ್ಯಾಟರಿಗಳು ಸೋಲತೊಡಗಿದವು. 2003ರಲ್ಲಿ ನ್ಯೂಯಾರ್ಕಿನ ಇಬ್ಬರು ಅಣ್ಣತಮ್ಮಂದಿರು ಇದನ್ನೇ ವಿಡಿಯೊ ಮಾಡಿ ಇಂಟರ್ನೆಟ್ಟಿಗೆ ಹಾಕಿದರು. ಅವರಿಗೂ ಸಿಕ್ಕ ಸಲಹೆ ಹೊಸದು ತಗೊಳ್ಳಿ ಅಂತಲೇ. ಅದೇ ವರ್ಷ ಕಂಪನಿ 99 ಡಾಲರ್‌ಗೆ ಬ್ಯಾಟರಿ ಬದಲಾಯಿಸಿಕೊಡುವ ವ್ಯವಸ್ಥೆ ತಂದಿತು. ವಿಷಯ ಕೋರ್ಟಿಗೂ ಹೋಗಿ, 2005ರಲ್ಲಿ ರಾಜಿಯಾಗಿ, ಹಳೆಯ ಮಾಡೆಲ್ ಕೊಂಡವರಿಗೆ ಪರಿಹಾರ ಸಿಕ್ಕಿತು. ಅಷ್ಟು ದೊಡ್ಡ ಕಂಪನಿಯ ವಸ್ತುವಿಗೇ ಆ ಗತಿ. ಹಾಡು ಕೇಳುವ ಯಂತ್ರ ಹತ್ತು ಹದಿನೈದು ವರ್ಷ ಬಾಳುತ್ತದೆ, ಅದರೊಳಗಿನ ಬ್ಯಾಟರಿ ಅಷ್ಟು ಬಾಳುವುದಿಲ್ಲ, ಆದರೂ ಎರಡನ್ನೂ ಒಟ್ಟಿಗೆ ಸೀಲ್ ಮಾಡಿ ಮಾರುತ್ತಾರೆ. ನನ್ನ ಪ್ರಕಾರ ತಪ್ಪು ಇರುವುದು ಅಲ್ಲಿ.

ಹಾಗಾದರೆ ಎಷ್ಟು ಬಾಳಬೇಕು? ಲಿಥಿಯಂ ಬ್ಯಾಟರಿಗೆ ಸಾಮಾನ್ಯವಾಗಿ 300ರಿಂದ 500 ಪೂರ್ತಿ ಚಾರ್ಜ್ ಅಂತ ಲೆಕ್ಕ. ಅಷ್ಟಾದ ಮೇಲೆ ಸತ್ತೇ ಹೋಗುತ್ತದೆ ಅಂತಲ್ಲ, ಹೊಸದರಲ್ಲಿದ್ದ ಶಕ್ತಿಯ ನೂರರಲ್ಲಿ ಸುಮಾರು 80 ಭಾಗಕ್ಕೆ ಇಳಿಯುತ್ತದೆ. ಅಮ್ಮ ದಿನಾ ಕೇಳುತ್ತಾರೆ ಅಂದರೆ ಮೂರು ವರ್ಷಕ್ಕೆ ಅದು ವಯಸ್ಸಾದ ಬ್ಯಾಟರಿಯೇ. ಆದರೆ ಐದು ಗಂಟೆ ಹೋಗಿ ಅರ್ಧ ಗಂಟೆಗೆ ಬಂತು ಅಂದರೆ ಬರೀ ವಯಸ್ಸಿನಿಂದ ಅಲ್ಲ. ಫ್ರಿಜ್ ಮೇಲಿಟ್ಟು, ಚಾರ್ಜರ್ ಹಾಕಿಕೊಂಡೇ ಕೇಳುತ್ತಾರೆ ಅಂದಿರಲ್ಲ, ಕಾರಣ ಅಲ್ಲಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಳ್ಳೆಯ ಫೋನಿನಲ್ಲಿ ಚಾರ್ಜರಿನಿಂದ ಬಂದ ಕರೆಂಟು ಫೋನಿಗೆ ಒಂದು ದಾರಿ, ಬ್ಯಾಟರಿಗೆ ಒಂದು ದಾರಿ ಅಂತ ಹಂಚಿಹೋಗುತ್ತದೆ. ಕಡಿಮೆ ಬೆಲೆಯ ಹಾಡಿನ ಪ್ಲೇಯರ್‌ಗಳಲ್ಲಿ ಆ ಏರ್ಪಾಡು ಇರುವುದೇ ಅಪರೂಪ. ಬಿಚ್ಚಿದರೆ ಎಂಟು ಕಾಲಿನ ಒಂದು ಸಣ್ಣ ಐಸಿ, ಅಂದರೆ ಚಾರ್ಜಿಂಗ್ ನೋಡಿಕೊಳ್ಳುವ ಚಿಪ್ಪು ಕಾಣುತ್ತದೆ, ಮೇಲೆ ಬಹಳ ಸಲ 4056 ಅಂತ ಬರೆದಿರುತ್ತದೆ. ಅದರ ಕೆಲಸ ಬ್ಯಾಟರಿಯನ್ನು 4.2 ವೋಲ್ಟಿಗೆ ತಂದು, ಬ್ಯಾಟರಿ ಎಳೆಯುವ ಕರೆಂಟು ಮೊದಲಿನ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಚಾರ್ಜಿಂಗ್ ನಿಲ್ಲಿಸುವುದು. ಈಗ ಪ್ಲೇಯರ್ ಹಾಡುತ್ತಿದೆ ಅಂದುಕೊಳ್ಳಿ. ಸ್ಪೀಕರ್ ಎಳೆಯುವ ಕರೆಂಟೂ ಅದೇ ದಾರಿಯಲ್ಲಿ ಹೋಗುತ್ತದೆ. ಐಸಿಗೆ ಅದು ಬ್ಯಾಟರಿ ಕುಡಿಯುತ್ತಿರುವುದೋ ಸ್ಪೀಕರ್ ಕುಡಿಯುತ್ತಿರುವುದೋ ಗೊತ್ತಾಗುವುದಿಲ್ಲ. ಹಾಗಾಗಿ ನಿಲ್ಲಿಸುವುದೇ ಇಲ್ಲ. ಬೆಳಿಗ್ಗೆ ಸುಪ್ರಭಾತದಿಂದ ರಾತ್ರಿ ಊಟದವರೆಗೆ ಬ್ಯಾಟರಿಯನ್ನು 4.2ಕ್ಕೆ ಎತ್ತಿ ಹಿಡಿದಿರುತ್ತದೆ. ಜೊತೆಗೆ ಆ ಐಸಿ ಬಿಸಿಯಾಗುತ್ತದೆ, ಬ್ಯಾಟರಿ ಅದರ ಪಕ್ಕದಲ್ಲೇ ಅಂಟಿಕೊಂಡಿರುತ್ತದೆ. ಗೋಡೆಗೆ ಒತ್ತಿ ಇಟ್ಟ ಫ್ರಿಜ್‌ನ ಹಿಂಬದಿಯ ಬಿಸಿಗಾಳಿ ಮೇಲಕ್ಕೇ ಬರುತ್ತದೆ. ಸ್ಟೆಬಿಲೈಸರ್ ಕೂಡ ಅಲ್ಲೇ ಇದ್ದರೆ ಕೇಳುವುದೇ ಬೇಡ.

ಫುಲ್ ಚಾರ್ಜ್ ಮತ್ತು ಬಿಸಿ, ಇವೆರಡು ಸೇರಿದರೆ ಲಿಥಿಯಂ ಬ್ಯಾಟರಿಗೆ ಬೇರೆ ಶತ್ರು ಬೇಡ. ಸಾಮಾನ್ಯವಾಗಿ ಕೊಡುವ ಲೆಕ್ಕ ಹೀಗಿದೆ: 25 ಡಿಗ್ರಿಯಲ್ಲಿ, 40 ಶೇಕಡಾ ಚಾರ್ಜ್‌ನಲ್ಲಿ ಒಂದು ವರ್ಷ ಸುಮ್ನೆ ಇಟ್ಟ ಬ್ಯಾಟರಿಯಲ್ಲಿ ಸುಮಾರು 96 ಭಾಗ ಶಕ್ತಿ ಉಳಿಯುತ್ತದೆ. ಅದನ್ನೇ ಫುಲ್ ಮಾಡಿ ಇಟ್ಟರೆ 80. ಫುಲ್ ಮಾಡಿ 40 ಡಿಗ್ರಿ ಬಿಸಿಯಲ್ಲಿ ಇಟ್ಟರೆ ಸುಮಾರು 65. ಗಮನಿಸಿ, ಇದು ಉಪಯೋಗಿಸದೆ ಇಟ್ಟ ಬ್ಯಾಟರಿಯ ಕಥೆ. ಸಕಲೇಶಪುರ ತಂಪು ಊರು, ನಮಗೇನು ಬಿಸಿ ಅನ್ನಬೇಡಿ. ಬ್ಯಾಟರಿಗೆ ಊರಿನ ಹವೆ ಗೊತ್ತಿಲ್ಲ, ತಾನು ಕೂತ ಜಾಗದ ಬಿಸಿ ಗೊತ್ತು. ಕಾಫಿ ಕೊಯ್ಲಿನ ಸಮಯದಲ್ಲಿ ಕಣದ ಸಿಮೆಂಟಿನ ಮೇಲೆ ಬಿಸಿಲಿಗೆ ಇಟ್ಟು ಹಾಡು ಹಾಕುವುದು, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಸಂತೆಗೆ ಹೋಗುವುದು, ಇವೆಲ್ಲ ಮಲೆನಾಡಿನಲ್ಲೂ ನಡೆಯುತ್ತದೆ.

ರಾತ್ರಿಯಿಡೀ ಚಾರ್ಜ್ ಹಾಕಿದ್ದು ತಪ್ಪಾ ಅಂತ ಕೇಳಿದ್ದೀರಿ. ಆಫ್ ಮಾಡಿ ಹಾಕಿದ್ದರೆ ಅಷ್ಟೇನೂ ತಪ್ಪಲ್ಲ. ಫುಲ್ ಆದ ಮೇಲೆ ಐಸಿ ನಿಲ್ಲಿಸುತ್ತದೆ. ಹಗಲಿಡೀ ಹಾಡಿಸಿಕೊಂಡು ಚಾರ್ಜ್ ಹಾಕಿದ್ದು ಅದಕ್ಕಿಂತ ಜಾಸ್ತಿ ಕೆಟ್ಟದ್ದು. ಫೋನಿನ ಫಾಸ್ಟ್ ಚಾರ್ಜರ್ ಹಾಕಿದರೆ ಸುಟ್ಟುಹೋಗುತ್ತದೆ ಅನ್ನುವುದೂ ಹೆಚ್ಚಾಗಿ ಸುಮ್ನೆ ಭಯ. ಒಳ್ಳೆಯ ಫಾಸ್ಟ್ ಚಾರ್ಜರ್, ಎದುರಿನ ವಸ್ತು ಕೇಳದೆ 5 ವೋಲ್ಟ್ ಮೀರುವುದಿಲ್ಲ. ಹೆಸರಿಲ್ಲದ ಅಗ್ಗದ ಚಾರ್ಜರ್ ಬಗ್ಗೆ ಭಯಪಡಿ. ಅದರಲ್ಲೂ ಗಾಳಿಮಳೆಗೆ ಕರೆಂಟ್ ಹೋಗಿ ಬಂದು ಮಾಡುವ ದಿನಗಳಲ್ಲಿ ಪ್ಲಗ್ ಕಿತ್ತಿಡುವುದು ಒಳ್ಳೆಯದು.

ನಿಮ್ಮ ಕಾಲೇಜಿನ ಪ್ಲೇಯರ್ ಹೋದದ್ದು ಇದರ ಉಲ್ಟಾ ಕಾರಣಕ್ಕೆ ಇರಬಹುದು. ಖಾಲಿಯಾದದ್ದನ್ನು ಹಾಗೇ ಬೀರುವಿನಲ್ಲಿಟ್ಟಿರಿ. ಆಫ್ ಮಾಡಿದ್ದರೂ ಬೋರ್ಡು ಹನಿ ಹನಿಯಾಗಿ ಎಳೆಯುತ್ತಲೇ ಇರುತ್ತದೆ, ಬ್ಯಾಟರಿ ತನ್ನಷ್ಟಕ್ಕೇ ಸ್ವಲ್ಪ ಇಳಿಯುತ್ತದೆ. ಎರಡೂವರೆ ವೋಲ್ಟಿಗಿಂತ ಕೆಳಗೆ ಬಂದರೆ ಒಳಗಿನ ರಕ್ಷಣೆಯ ಸರ್ಕ್ಯೂಟ್ ಬಾಗಿಲು ಹಾಕಿಕೊಳ್ಳುತ್ತದೆ. ಇನ್ನೂ ಇಳಿದು ಬಹಳ ದಿನ ಬಿಟ್ಟರೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಅಂಥದ್ದಕ್ಕೆ ಹೊರಗಿನಿಂದ ವೈರ್ ಮುಟ್ಟಿಸಿ ಜೀವ ಬರಿಸುವ ವಿಡಿಯೊಗಳು ಬೇಕಾದಷ್ಟಿವೆ. ಮಾಡಬೇಡಿ. ಕರಗಿದ ತಾಮ್ರ ಮತ್ತೆ ಚಾರ್ಜ್ ಆಗುವಾಗ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಮಾಡುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಇನ್ನೊಂದು ಸಲಹೆ ಬಂದೇ ಬರುತ್ತದೆ: ಬಿಸಿಲಿಗೆ ಇಡು, ಚಾರ್ಜ್ ಬರುತ್ತದೆ. ರೇಡಿಯೊ ಸೆಲ್ಲುಗಳನ್ನು ಮಾಡಿನ ಮೇಲೆ ಬಿಸಿಲಿಗೆ ಇಟ್ಟು ಇನ್ನೊಂದು ದಿನ ವಾರ್ತೆ ಕೇಳಿದವರು ಅವರು, ಸುಳ್ಳು ಹೇಳುತ್ತಿಲ್ಲ. ಆ ಸೆಲ್ಲು ಬೇರೆ ಜಾತಿಯದು, ಬೆಚ್ಚಗಾದರೆ ಉಳಿದ ಒಂದಿಷ್ಟು ಶಕ್ತಿ ಹೊರಗೆ ಬರುತ್ತಿತ್ತು. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಅನ್ನುವುದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಕಾಲದ ಮಾತು. ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಇಷ್ಟು ವರ್ಷ ಕಳೆದರೂ ಹಳೆಯ ಬ್ಯಾಟರಿಯ ನಿಯಮ ಹೊಸ ಬ್ಯಾಟರಿಗೆ ನಡೆಯುತ್ತಲೇ ಇದೆ. ಲಿಥಿಯಂಗೆ ಪೂರ್ತಿ ಖಾಲಿ ಮಾಡುವುದು ಶಿಕ್ಷೆ.

ಇನ್ನು ಬದಲಾಯಿಸುವ ವಿಷಯ. ಅಮ್ಮನ ಪ್ಲೇಯರ್ ತಿರುಗಿಸಿ ನೋಡಿ. ಸ್ಕ್ರೂ ಕಾಣದಿದ್ದರೆ ಕೆಳಗಿನ ರಬ್ಬರ್ ಕಾಲುಗಳನ್ನು ಎಬ್ಬಿ, ಬಹಳ ಸಲ ಅದರಡಿ ಇರುತ್ತವೆ. ಬಿಚ್ಚಿದಾಗ ಮೂರರಲ್ಲಿ ಒಂದು ಬಗೆ ಸಿಗುತ್ತದೆ. ಒಂದು, ದುಂಡನೆಯ ಕೊಳವೆಯಂಥದ್ದು, ಅದು 18650. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಅಂತ ಹೆಸರಲ್ಲೇ ಇದೆ. ಇನ್ನೊಂದು, ಬೆಳ್ಳಿ ಬಣ್ಣದ ಮೆತ್ತನೆಯ ಚೀಲ. ಅದರ ಮೇಲೆ 503040 ಥರ ಆರು ಅಂಕಿ ಇರುತ್ತದೆ. ಅದು ಸೀರಿಯಲ್ ನಂಬರ್ ಅಲ್ಲ, ಅಳತೆ: 5 ಮಿಲಿಮೀಟರ್ ದಪ್ಪ, 30 ಅಗಲ, 40 ಉದ್ದ. ಅಂಗಡಿಯಲ್ಲಿ ಈ ಅಂಕಿ ಹೇಳಿದರೆ ಸಾಕು. ಜಾಸ್ತಿ ಹೊತ್ತು ಬರಲಿ ಅಂತ ದಪ್ಪನೆಯದನ್ನು ಒತ್ತಿ ತುರುಕಬೇಡಿ. ಮುಂದೆ ಒಂಚೂರು ಉಬ್ಬಿದರೂ ಜಾಗ ಬೇಕು.

ಮೂರನೆಯದು ನಮ್ಮೆಲ್ಲರ ಹಳೆಯ ಪರಿಚಯದ ಬಿಎಲ್-5ಸಿ. ನೋಕಿಯಾ 1100 ಫೋನಿನಲ್ಲಿದ್ದದ್ದು. ಸಣ್ಣ ಎಫ್‌ಎಂ, ಭಜನೆ ಡಬ್ಬಿ, ಪೆನ್‌ಡ್ರೈವ್ ಪ್ಲೇಯರ್‌ಗಳಲ್ಲಿ ಈಗಲೂ ಅದೇ ಅಳತೆಯ ಬ್ಯಾಟರಿ ಓಡುತ್ತಿದೆ. ಇದು ಸಿಕ್ಕರೆ ನಿಮ್ಮ ಪುಣ್ಯ, ಉಗುರಿನಲ್ಲಿ ಎಬ್ಬಿ ಹೊಸದು ಕೂರಿಸಿದರೆ ಮುಗಿಯಿತು. 2007ರಲ್ಲಿ ಈ ಬಿಎಲ್-5ಸಿಯದ್ದೇ ಗಲಾಟೆ ಎದ್ದಿತ್ತು, ನೆನಪಿರಬಹುದು. ಮತ್ಸುಶಿತಾ ಕಂಪನಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ಮಾಡಿದ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಆಗುವಾಗ ವಿಪರೀತ ಬಿಸಿಯಾಗಬಹುದು ಅಂತ ನೋಕಿಯಾ ಎಚ್ಚರಿಸಿ, ಬದಲಾಯಿಸಿಕೊಡುತ್ತೇವೆ ಅಂದಿತ್ತು. ಅಷ್ಟರಲ್ಲಿ ನಿಜವಾಗಿ ತೊಂದರೆಯಾಗಿದೆ ಅಂತ ವರದಿಯಾದದ್ದು ಇಡೀ ಪ್ರಪಂಚದಲ್ಲಿ ನೂರರ ಆಸುಪಾಸು. ಆಗ ನಮ್ಮ ದೇಶದಲ್ಲಿ ಎಲ್ಲರೂ ಫೋನಿನ ಹಿಂಬದಿ ತೆಗೆದು ನಂಬರ್ ನೋಡಿಕೊಂಡಿದ್ದೇ ನೋಡಿಕೊಂಡಿದ್ದು. ಈಗ ಹೆಸರಿಲ್ಲದ ಬ್ಯಾಟರಿಯನ್ನು ಕಣ್ಣುಮುಚ್ಚಿ ಹಾಕಿಸಿಕೊಳ್ಳುತ್ತೇವೆ.

ಕೊಳ್ಳುವಾಗ ಬ್ಯಾಟರಿಯ ಮೇಲಿನ ಎಂಎಎಚ್ ಅಂಕಿಗೆ, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕಕ್ಕೆ, ಮರುಳಾಗಬೇಡಿ. ನಿಜವಾದ ಒಳ್ಳೆಯ 18650 ಸೆಲ್ಲಿನಲ್ಲಿ ಹೆಚ್ಚೆಂದರೆ 3500ರ ಆಸುಪಾಸು ಇರುತ್ತದೆ. 9900 ಅಂತ ಬರೆದದ್ದು ಸುಳ್ಳು, ಅದನ್ನು ಕೈಯಲ್ಲಿ ಹಿಡಿದರೇ ಹಗುರ ಗೊತ್ತಾಗುತ್ತದೆ. ನಮ್ಮ ದೇಶದಲ್ಲಿ ಇಂಥ ಬ್ಯಾಟರಿಗೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ನೋಂದಣಿ ಕಡ್ಡಾಯ, ಐಎಸ್ 16046 ಅಂತ ಮತ್ತು ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇದೆಯಾ ನೋಡಿ. ಹಾಸನದಲ್ಲಿ ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಬಿಎಲ್-5ಸಿ, 18650 ಸಿಗುತ್ತವೆ. ಚೀಲದಂಥದ್ದರಲ್ಲಿ ಸರಿಯಾದ ಅಳತೆ ಸಿಗದಿದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋಗುವವರಿಗೆ ಹೇಳಿ ತರಿಸಿ. ಯಾವುದೇ ಆದರೂ ಹೊಸ ಪ್ಲೇಯರಿನ ಬೆಲೆಯ ಸಣ್ಣ ಪಾಲು ಅಷ್ಟೇ.

ನೀವೇ ಹಾಕುವುದಾದರೆ ಒಂದು ಜಾಗದಲ್ಲಿ ಎಲ್ಲರೂ ಎಡವುತ್ತಾರೆ. ಬ್ಯಾಟರಿಯ ಕೆಂಪು, ಕಪ್ಪು ವೈರಿನ ತುದಿಯಲ್ಲಿ ಬಿಳಿಯ ಎರಡು ಪಿನ್ನಿನ ಕನೆಕ್ಟರ್ ಇರುತ್ತದೆ. ಹೊಸ ಬ್ಯಾಟರಿಯದ್ದೂ ಅದೇ ಕನೆಕ್ಟರ್, ಟಕ್ ಅಂತ ಕೂರುತ್ತದೆ. ಆದರೆ ಕೆಂಪು ಯಾವ ಕಡೆ, ಕಪ್ಪು ಯಾವ ಕಡೆ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಉಲ್ಟಾ ಇದ್ದರೆ ಆ ಟಕ್ ಜೊತೆಗೇ ಬೋರ್ಡ್ ಹೋಗುತ್ತದೆ, ಆಗ ಅಂಗಡಿಯವರ ಮಾತು ನಿಜವಾಗುತ್ತದೆ. ಹಳೆಯದನ್ನು ಕೀಳುವ ಮೊದಲು ಫೋನಿನಲ್ಲಿ ಫೋಟೊ ತೆಗೆಯಿರಿ, ಹೊಸದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಬೆಸುಗೆ ಹಾಕಿದ ವೈರ್ ಆದರೆ ಎರಡನ್ನೂ ಒಟ್ಟಿಗೆ ಕತ್ತರಿಸಬೇಡಿ, ಕತ್ತರಿಯೇ ಶಾರ್ಟ್ ಮಾಡಿಬಿಡುತ್ತದೆ. ಒಂದು ಕತ್ತರಿಸಿ, ಟೇಪ್ ಸುತ್ತಿ, ಆಮೇಲೆ ಇನ್ನೊಂದು. ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕಬೇಡಿ, ವೈರ್ ಇರುವುದನ್ನೇ ಕೇಳಿ ತನ್ನಿ. ರಕ್ಷಣೆಯ ಸರ್ಕ್ಯೂಟ್ ಇರುವುದು ಅಂತಲೂ ಕೇಳಿ.

ಹೊಸದು ಹಾಕಿದ ಮೇಲೆ ಅಮ್ಮನಿಗೆ ಹೇಳುವುದು ಇಷ್ಟೇ: ಕೇಳುವಾಗ ಚಾರ್ಜರ್ ಬೇಡ, ಚಾರ್ಜ್ ಹಾಕಿದಾಗ ಹಾಡು ಬೇಡ, ಫ್ರಿಜ್ ಮೇಲಿನ ಜಾಗ ಬೇಡ. ಇದು ಅವರಿಗೆ ಕಿರಿಕಿರಿ ಅನ್ನಿಸಿದರೆ, ಅಡುಗೆಮನೆಯಿಂದ ಪ್ಲೇಯರ್ ಹೊರಗೆ ಬರುವುದೇ ಇಲ್ಲ ಅನ್ನುವುದಾದರೆ, ನಾನಂತೂ ಬ್ಯಾಟರಿಗೋಸ್ಕರ ಅವರನ್ನು ಪೀಡಿಸುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ಯಾಟರಿ ಹಾಕಿಸಿ, ಅವರ ಪಾಡಿಗೆ ಕೇಳಲಿ ಬಿಡಿ. ಮಳೆಗಾಲದಲ್ಲಿ ಎತ್ತಿಡುವುದಾದರೆ ಅರ್ಧ ಚಾರ್ಜ್ ಮಾಡಿ ಇಡಿ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಸ್ವಲ್ಪ ಚಾರ್ಜ್ ಕೊಡಿ.

ತೆಗೆದ ಹಳೆಯ ಬ್ಯಾಟರಿಗಳನ್ನು ಗೊಬ್ಬರದ ಗುಂಡಿಗೆ, ಹೊಳೆಗೆ, ಒಲೆಗೆ ಹಾಕಬೇಡಿ. ತುದಿಗಳಿಗೆ ಟೇಪ್ ಸುತ್ತಿ ಇ-ವೇಸ್ಟ್ ತಗೊಳ್ಳುವ ಕಡೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಹಾಗಾಗಿ ಅಂಗಡಿಯಲ್ಲಿ ಧೈರ್ಯವಾಗಿ ಕೇಳಿ.

ಹಾಡುಗಳ ಬಗ್ಗೆ ಚಿಂತೆ ಬೇಡ. ಅವು ಇರುವುದು ಮೆಮೊರಿ ಚಿಪ್ಪಿನಲ್ಲಿ, ಅದಕ್ಕೆ ನೆನಪಿಟ್ಟುಕೊಳ್ಳಲು ಕರೆಂಟು ಬೇಡ. ಬ್ಯಾಟರಿ ತೆಗೆದಾಗ ಗಡಿಯಾರದ ಟೈಮ್ ಹೋಗಬಹುದು, ಎಫ್‌ಎಂನಲ್ಲಿ ಹಾಸನ ಆಕಾಶವಾಣಿಯನ್ನು ಸೇವ್ ಮಾಡಿಟ್ಟಿದ್ದರೆ ಅದನ್ನು ಮತ್ತೆ ಹುಡುಕಬೇಕಾಗಬಹುದು. ಕಾಲೇಜಿನ ಪ್ಲೇಯರಿನ ಹಾಡುಗಳನ್ನು ಕಾಪಿ ಮಾಡಿಕೊಳ್ಳೋಣ ಅಂತ ಈಗಲೇ ಕಂಪ್ಯೂಟರಿಗೆ ಮಾತ್ರ ಚುಚ್ಚಬೇಡಿ. ಯುಎಸ್‌ಬಿ ಹಾಕಿದ ಕೂಡಲೇ ಅದು ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಲು ಶುರುಮಾಡುತ್ತದೆ. ಹೊಸ ಬ್ಯಾಟರಿ ಕೂರಿಸಿ, ಆಮೇಲೆ ಕಾಪಿ ಮಾಡಿಕೊಳ್ಳಿ.